ಎರಡು ವರ್ಷದ ಕೂಸು, ನಾಲ್ಕು ಮಂದಿ ದೊಡ್ಡವರು

ನಮ್ಮ ಮಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವಳನ್ನು ನೋಡಿಕೊಳ್ಳಲು ಮನೆಯಲ್ಲಿ ನಾಲ್ಕು ಮಂದಿ ದೊಡ್ಡವರಿದ್ದೆವು: ನಾನು, ನನ್ನ ಗಂಡ, ಅತ್ತೆ ಮತ್ತು ಮಾವ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿರುವ ನವನಗರದಲ್ಲಿ ನಮ್ಮ ಮನೆ. ನನ್ನ ನೌಕರಿ ಧಾರವಾಡದಲ್ಲಿ, ಗಂಡನ ಅಂಗಡಿ ಹುಬ್ಬಳ್ಳಿಯಲ್ಲಿ. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ಕೂಸು ಅಜ್ಜ ಮತ್ತು ಆಯಿಯ ಕೈಯಲ್ಲಿ. ಹಿರಿಯರಿರುವ ಮನೆಯಲ್ಲಿ ಮಗು ಬೆಳೆಯುವುದು ಪುಣ್ಯವೆಂದು ಎಲ್ಲರೂ ಹೇಳುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ವರ್ಷದ ಕೂಸಿನ ಹಟವನ್ನು ಸಂಭಾಳಿಸುವುದಕ್ಕಿಂತ, ಆ ಹಟಕ್ಕೆ ಏನು ಉತ್ತರ ಕೊಡಬೇಕೆಂಬ ವಿಷಯದಲ್ಲಿ ನಾಲ್ಕು ಮಂದಿ ಒಂದು ಮಾತಿಗೆ ಬರುವುದೇ ಹೆಚ್ಚು ದಣಿಸುವ ಕೆಲಸ ಎಂಬುದು ಆ ವರ್ಷದಲ್ಲಿ ನನಗೆ ಖಾತ್ರಿಯಾಯಿತು.

ಎರಡನೆಯ ಹುಟ್ಟುಹಬ್ಬದ ಆಸುಪಾಸಿನಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಐವತ್ತರಷ್ಟು ಶಬ್ದಗಳು ಬರುತ್ತವೆ, ಎರಡು ಶಬ್ದ ಕೂಡಿಸಿ ಮಾತಾಡುವುದು ಶುರುವಾಗುತ್ತದೆ ಎಂದು ಮಕ್ಕಳ ವೈದ್ಯರು ಹೇಳಿದ್ದರು. ನಮ್ಮವಳೂ ಆ ಲೆಕ್ಕಕ್ಕೆ ಸರಿಯಾಗಿಯೇ ಇದ್ದಳು. “ಅಜ್ಜಾ ಚಾ”, “ಅವ್ವಾ ಬಾ”, “ರೊಟ್ಟಿ ಒಲ್ಲೆ” ಎನ್ನುವಷ್ಟು ಮಾತು ಬಂದಿತ್ತು. ಆದರೆ ಅವಳಿಗೆ ಬೇಕಾಗಿದ್ದುದು ಇಷ್ಟರಲ್ಲಿ ಹಿಡಿಯುತ್ತಿರಲಿಲ್ಲ. ಚೊಣ್ಣವನ್ನು ತಾನೇ ಏರಿಸಿಕೊಳ್ಳಬೇಕು, ಆದರೆ ಎರಡೂ ಕಾಲು ಒಂದೇ ಕಡೆ ಹೋಗುತ್ತವೆ, ನೀರಿನ ತಂಬಿಗೆಯನ್ನು ತಾನೇ ಎತ್ತಬೇಕು, ಆದರೆ ಅರ್ಧ ದಾರಿಯಲ್ಲಿ ನೀರೆಲ್ಲ ನೆಲದ ಪಾಲು, ಯಾರಾದರೂ ಸಹಾಯಕ್ಕೆ ಕೈ ಚಾಚಿದರೆ “ನಾನ!” ಎಂಬ ಒಂದು ಕೂಗು, ಅದರ ಹಿಂದೆ ನೆಲದ ಮೇಲೆ ಅಂಗಾತ ಬಿದ್ದು ಹೊರಳಾಟ. ಇದೇ ಹೊತ್ತಿಗೆ ಬಾಯಿಯ ಹಿಂಬದಿಯ ದವಡೆ ಹಲ್ಲುಗಳು ಬರತೊಡಗುವುದರಿಂದ ಹಗಲಿನ ಸಿಟ್ಟು ರಾತ್ರಿಯ ನಿದ್ದೆಗೂ ದಾಟುತ್ತಿತ್ತು.

ಮೊದಲ ತಕರಾರು ಊಟದ್ದು. ಒಂದು ವರ್ಷದವರೆಗೆ ತಟ್ಟೆಗೆ ಹಾಕಿದ್ದನ್ನೆಲ್ಲ ತಿನ್ನುತ್ತಿದ್ದ ಕೂಸು, ಒಂದೂವರೆ ದಾಟಿದ ಮೇಲೆ ತುತ್ತು ಕಂಡೊಡನೆ ಬಾಯಿ ಬಿಗಿದುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸತೊಡಗಿತು. ಹುಟ್ಟಿದಾಗಿನ ತೂಕ ಮೊದಲ ವರ್ಷದಲ್ಲಿ ಮೂರು ಪಟ್ಟಾದರೆ, ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆಜಿ ಮಾತ್ರ. ಬೆಳವಣಿಗೆ ನಿಧಾನವಾದಂತೆ ಹಸಿವೂ ಇಳಿಯುತ್ತದೆ, ಆದ್ದರಿಂದ ಈ ವಯಸ್ಸಿನ ಮಕ್ಕಳು ಊಟ ಬಿಟ್ಟಂತೆ ಕಾಣುವುದು ರೋಗವಲ್ಲ. ಇದು ನನಗೆ ಗೊತ್ತಿತ್ತು. ಆದರೆ ದಿನವಿಡೀ ಕೂಸನ್ನು ನೋಡಿಕೊಳ್ಳುವ ಅತ್ತೆಗೆ ಖಾಲಿಯಾಗದ ತಟ್ಟೆಯನ್ನು ನೋಡಿ ಸುಮ್ಮನೆ ಕೂಡುವುದು ಆಗುತ್ತಿರಲಿಲ್ಲ. “ಊಟಾ ಅಂತೂ ಬಿಟ್ಟೈತಿ, ಹಾಲರ ಹೋಗ್ಲಿ ಹೊಟ್ಟ್ಯಾಗ” ಎಂದು ಅವರು ಎಮ್ಮೆಯ ಹಾಲು ಕಾಸಿ, ಸಕ್ಕರೆ ಹಾಕಿ ಕುಡಿಸುತ್ತಿದ್ದರು. ರೊಟ್ಟಿ ಒಲ್ಲೆ ಎಂದರೆ ಹಾಲು ಬರುತ್ತದೆ ಎಂಬುದನ್ನು ಕಲಿಯಲು ಕೂಸಿಗೆ ಬಹಳ ದಿನ ಬೇಕಾಗಲಿಲ್ಲ. ಹಾಲಿನಿಂದ ಹೊಟ್ಟೆ ತುಂಬಿದ ಮೇಲೆ ರೊಟ್ಟಿ ಇನ್ನಷ್ಟು ಬೇಡವಾಯಿತು. ರೊಟ್ಟಿ ಬೇಡವಾದಷ್ಟೂ ಹಾಲು ಹೆಚ್ಚಾಯಿತು.

ಮುಖ ಬಿಳಿಚಿಕೊಂಡಿದೆ ಎನಿಸಿದ್ದರಿಂದ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9.6 ಬಂದಿತು, ಈ ವಯಸ್ಸಿನ ಮಕ್ಕಳಲ್ಲಿ ಅದು ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆಯಿದೆ. ಹಾಲಿನಲ್ಲಿ ಸುಣ್ಣದ ಅಂಶ ಬೇಕಾದಷ್ಟಿದ್ದರೂ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ ಬೇರೆ ಆಹಾರದ ಕಬ್ಬಿಣವನ್ನು ಶರೀರ ಹೀರಿಕೊಳ್ಳುವುದಕ್ಕೂ ಹಾಲು ಅಡ್ಡ ಬರುತ್ತದೆ. ದಿನಕ್ಕೆ ಎಲ್ಲ ಸೇರಿ 400ರಿಂದ 500 ಮಿಲಿಲೀಟರ್ ಹಾಲು ಸಾಕು ಎಂದು ವೈದ್ಯರು ಹೇಳಿದರು. ಆ ದಿನ ಅತ್ತೆಯವರನ್ನೂ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ, ಅದೂ ಬೇಕಂತಲೇ. ನಾನು ಅಡುಗೆಮನೆಯಲ್ಲಿ ನಿಂತು ಹೇಳಿದರೆ ಅದು ಸೊಸೆಯ ಮಾತು. ಅದೇ ಮಾತನ್ನು ವೈದ್ಯರು ವರದಿಯ ಹಾಳೆ ತೋರಿಸಿ “ಅಮ್ಮಾರ, ಹಾಲು ಕಡಿಮಿ ಮಾಡ್ರಿ, ರೊಟ್ಟಿ ತಾನ ತಿಂತಾಳ” ಎಂದು ಅವರಿಗೇ ಹೇಳಿದಾಗ ತೂಕವೇ ಬೇರೆ. ಮನೆಯಲ್ಲಿ ಹಿರಿಯರಿರುವ ಯಾವ ತಾಯಿಗಾದರೂ ನಾನು ಮೊದಲು ಹೇಳುವ ಉಪಾಯ ಇದೇ: ಮಗುವನ್ನು ತೋರಿಸಲು ಹೋಗುವಾಗ ಮಗುವಿಗೆ ಉಣಿಸುವವರು ಜೊತೆಗಿರಲಿ.

ಅದರ ನಂತರ ಊಟದ ಜವಾಬ್ದಾರಿಯನ್ನು ಅತ್ತೆ ನಿಭಾಯಿಸಿದ ರೀತಿ ನನ್ನಿಂದ ಆಗುತ್ತಿರಲಿಲ್ಲ. ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಾಗ ನಿಂಬೆಹಣ್ಣಿನಷ್ಟು ಹಿಟ್ಟನ್ನು ಕೂಸಿನ ಕೈಗೂ ಕೊಟ್ಟು, ಅವಳೇ ತಟ್ಟಿದ ಆ ಓರೆಕೋರೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಬೇಯಿಸಿ, “ಇದು ಯಾರ ರೊಟ್ಟಿ?” ಎಂದು ಕೇಳುತ್ತಿದ್ದರು. “ನಂದು” ಎನ್ನುತ್ತಿದ್ದ ಮಗಳು ಅದನ್ನು ಬೇರೆಯವರಿಗೆ ಬಿಟ್ಟುಕೊಡದ ಹಟದಲ್ಲಿಯೇ ತಿಂದು ಮುಗಿಸುತ್ತಿದ್ದಳು. ಮೊಳಕೆ ಬರಿಸಿದ ಮಡಕಿಕಾಳಿನ ಉಸುಳಿಗೆ ನಿಂಬೆರಸ ಹಿಂಡುವುದು ನಮ್ಮಲ್ಲಿ ಮೊದಲಿನಿಂದಲೂ ರೂಢಿ. ಹುಳಿಯಲ್ಲಿರುವ ಸಿ ಜೀವಸತ್ವ ಕಾಳಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ ಎಂದು ವೈದ್ಯರು ಹೇಳಿದಾಗ ಅತ್ತೆ ನನ್ನ ಕಡೆ ಒಮ್ಮೆ ನೋಡಿದ್ದರು. ಶೇಂಗಾ ವಿಷಯದಲ್ಲಂತೂ ಅವರಿಗೆ ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಇಡಿ ಶೇಂಗಾ ಕಾಳು ಚಿಕ್ಕ ಮಕ್ಕಳ ಗಂಟಲಿಗೆ ಅಥವಾ ಶ್ವಾಸನಾಳಕ್ಕೆ ಸಿಕ್ಕುವ ಅಪಾಯ ದೊಡ್ಡದು, ಆದರೆ ಅದೇ ಶೇಂಗಾ ಕುಟ್ಟಿದ ಹಿಂಡಿ ಕೂಸಿನ ಊಟಕ್ಕೆ ಒಳ್ಳೆಯದು. ನಮ್ಮ ಮನೆಯಲ್ಲಿ ಖಾರವಿಲ್ಲದ ಹಿಂಡಿಯ ಡಬ್ಬಿಯೊಂದು ಬೇರೆಯೇ ಇತ್ತು.

ಹಾಲಿನ ಪ್ರಶ್ನೆ ಇತ್ಯರ್ಥವಾಯಿತು, ಚಹಾದ ಪ್ರಶ್ನೆ ಆಗಲಿಲ್ಲ. ಮಾವ ಬೆಳಗ್ಗೆ ಮತ್ತು ಸಂಜೆ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುವವರು. ಮೊಮ್ಮಗಳು ತೊಡೆಯ ಮೇಲೆ ಕೂತು, ಬಸಿಯ ಅಂಚಿಗೆ ಬಾಯಿ ಹಚ್ಚಿ ಎರಡು ಗುಟುಕು ಹೀರುವುದು ಅಜ್ಜ-ಮೊಮ್ಮಗಳ ನಡುವಿನ ಒಪ್ಪಂದ. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹೀರಿಕೊಳ್ಳಗೊಡುವುದಿಲ್ಲ, ಅದರಲ್ಲೂ ಊಟದ ಹೊತ್ತಿಗೆ ಕುಡಿದರೆ ವೈದ್ಯರು ಕೊಟ್ಟ ಕಬ್ಬಿಣದ ಔಷಧವೂ ವ್ಯರ್ಥ ಎಂದು ಗಂಡ ತಿಳಿಸಿ ಹೇಳಿದರು. “ಎರಡು ಗುಟುಕಿಗೆ ಏನಾಗ್ತದ? ನೀವೂ ಹಿಂಗ ಬೆಳದೀರಿ” ಎಂಬ ಉತ್ತರ ಬಂದಿತು. ಈ ಉತ್ತರಕ್ಕೆ ಎದುರು ಉತ್ತರವಿಲ್ಲ, ಏಕೆಂದರೆ ಹಾಗೆ ಬೆಳೆದ ಮಗನೇ ಎದುರಿಗೆ ನಿಂತಿದ್ದ. ವಾದ ಮಾಡುವುದನ್ನು ಬಿಟ್ಟು, ಆ ಹೊತ್ತಿಗೆ ಕೂಸಿಗೆಂದೇ ಬೇರೆ ಸಣ್ಣ ಬಸಿಯಲ್ಲಿ ಬೆಲ್ಲದ ನೀರಿಗೆ ಒಂದು ಚಮಚ ಹಾಲು ಬೆರೆಸಿ ಇಡತೊಡಗಿದೆವು. ಬಣ್ಣ ಒಂದೇ, ಬಸಿ ಒಂದೇ ನಮೂನೆ. ಅವಳಿಗೆ ಬೇಕಾಗಿದ್ದುದು ಚಹಾ ಅಲ್ಲ, ಅಜ್ಜನ ಜೊತೆಗೆ ಬಸಿ ಹಿಡಿದು ಕೂಡುವುದು. ಮಾವನಿಗೂ ಅದೇ ಬೇಕಾಗಿತ್ತು.

ಕಬ್ಬಿಣದ ಹನಿ ಔಷಧಕ್ಕೂ ತನ್ನದೇ ಕಾಟವಿದೆ. ಹಲ್ಲಿಗೆ ಕಪ್ಪು ಕಲೆಯಾಗಬಾರದೆಂದು ಅದನ್ನು ನಾಲಿಗೆಯ ಹಿಂಬದಿಗೆ ಹಾಕಿ ಮೇಲೆ ನೀರು ಕುಡಿಸಬೇಕು; ಮಲ ಕಪ್ಪಗಾಗುತ್ತದೆ, ಅದಕ್ಕೆ ಗಾಬರಿಯಾಗಬಾರದು; ರಕ್ತ ಸರಿಹೋದ ಮೇಲೂ ಶರೀರದಲ್ಲಿ ದಾಸ್ತಾನು ತುಂಬುವವರೆಗೆ ಎರಡು ಮೂರು ತಿಂಗಳು ಮುಂದುವರಿಸಬೇಕು. ಮಲಬದ್ಧತೆಯೂ ಆಗಬಹುದು, ನಮ್ಮಲ್ಲಿ ಆಯಿತು. ಅದರ ಪರಿಣಾಮ ಮುಂದೆ ಬರುತ್ತದೆ.

ಎದೆಹಾಲು ಬಿಡಿಸುವ ಕೆಲಸ ಇದರ ನಡುವೆಯೇ ನಡೆಯಿತು. ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಿಲ್ಲಿಸಲೇಬೇಕೆಂಬ ಗಡುವು ಯಾವುದೂ ಇಲ್ಲ. ಆದರೆ ರಾತ್ರಿ ಮೇಲಿಂದ ಮೇಲೆ ಎದ್ದು ಹಾಲು ಕೇಳುವ ಮಗಳನ್ನೂ ಬೆಳಗಿನ ನೌಕರಿಯನ್ನೂ ಒಟ್ಟಿಗೆ ನಿಭಾಯಿಸುವುದು ನನ್ನಿಂದ ಆಗದಾಗಿತ್ತು. ಬೇವಿನ ಎಲೆ ಅರೆದು ಹಚ್ಚಿಕೊಂಡರೆ ಎರಡೇ ದಿನದಲ್ಲಿ ಬಿಡುತ್ತದೆ ಎಂದು ಅತ್ತೆ, ಓಣಿಯ ಹೆಂಗಸರು, ತವರಿನಿಂದ ಫೋನಿನಲ್ಲಿ ನನ್ನ ತಾಯಿ, ಎಲ್ಲರೂ ಹೇಳಿದರು. ಬೇವಿನ ಬಗ್ಗೆ ನನಗೆ ತಕರಾರಿರಲಿಲ್ಲ. ಎರಡು ವರ್ಷ ಸಮಾಧಾನ ಕೊಟ್ಟ ಜಾಗ ಒಂದು ಬೆಳಗ್ಗೆ ಏಕಾಏಕಿ ಕಹಿಯಾಗುವುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ, ಮತ್ತು ಹಾಗೆ ಒಮ್ಮೆಲೇ ನಿಲ್ಲಿಸಿದರೆ ಎದೆ ಗಡುಸಾಗಿ ಜ್ವರ ಬರುವ ಕಷ್ಟ ತಾಯಿಗೂ ಇದೆ. ಆದ್ದರಿಂದ ಒಂದೊಂದೇ ಹೊತ್ತನ್ನು ಬಿಡಿಸಿದೆ. ಮೊದಲು ಮಧ್ಯಾಹ್ನದ್ದು, ರಜೆಯ ದಿನಗಳಲ್ಲಿ ಮಾತ್ರ ಇದ್ದುದರಿಂದ ಸುಲಭವಾಗಿ ಹೋಯಿತು. ಆಮೇಲೆ ನಸುಕಿನದು. ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಸೆರಗು ಹಿಡಿಯುತ್ತಿದ್ದಳು. ಆ ಹೊತ್ತನ್ನು ಬಿಡಿಸಲು ಮನೆಯೊಳಗೆ ಹೋಗದೆ, ಬಂದ ಕಾಲಿನಲ್ಲಿಯೇ ಅವಳನ್ನು ಎತ್ತಿಕೊಂಡು ಓಣಿಯ ತುದಿಯವರೆಗೆ ಹೋಗಿ ಆಕಳು, ನಾಯಿ, ಆಟೋ ತೋರಿಸಿಕೊಂಡು ಬರಬೇಕಾಯಿತು. ಕೊನೆಯದು ಮಲಗುವಾಗಿನದು. ಅದು ನನ್ನ ಕೈಯಲ್ಲಿರಲಿಲ್ಲ, ಏಕೆಂದರೆ ನಾನು ಪಕ್ಕದಲ್ಲಿದ್ದರೆ ಅವಳಿಗೆ ಬೇರೆ ಯಾವುದೂ ಒಗ್ಗುತ್ತಿರಲಿಲ್ಲ. ಗಂಡ ಅವಳನ್ನು ಮಾಳಿಗೆಯ ಮೇಲೆ ಕರೆದುಕೊಂಡು ಹೋಗಿ, ಹೆಗಲಿಗೆ ಹಾಕಿಕೊಂಡು ತಿರುಗಿ ಮಲಗಿಸತೊಡಗಿದರು. ಮೊದಲ ರಾತ್ರಿಗಳ ಅಳು ಕೆಳಗೆ ನನಗೂ ಅತ್ತೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. “ಯಾಕ ಹಿಂಗ ಅಳಸ್ತೀರಿ, ಬೇವು ಹಚ್ಚಿದ್ರ ಮುಗೀತಿತ್ತು” ಎಂದು ಅತ್ತೆ ಹೇಳುತ್ತಲೇ ಇದ್ದರು, ಆದರೆ ಮೇಲೆ ಹೋಗಿ ಕೂಸನ್ನು ಇಳಿಸಿಕೊಂಡು ಬರಲಿಲ್ಲ. ಆ ಸಹಕಾರ ಸಣ್ಣದಲ್ಲ. ಎದೆಯ ನೋವಿಗೆ ತಣ್ಣೀರಿನ ಬಟ್ಟೆಯೂ, ಭಾರ ಕಡಿಮೆಯಾಗುವಷ್ಟು ಮಾತ್ರ ಹಾಲನ್ನು ಹಿಂಡಿ ತೆಗೆಯುವುದೂ ಸಾಕಾಯಿತು. ಪೂರ್ತಿ ಹಿಂಡಿದರೆ ಹಾಲು ಮತ್ತೆ ಅಷ್ಟೇ ತುಂಬುತ್ತದೆ.

ಇನ್ನು ಮಂದಿಯ ಮುಂದಿನ ಹಟ. ಭಾನುವಾರ ಹುಬ್ಬಳ್ಳಿಗೆ ಹೋಗಲು ನಾವು ಅವಳಿ ನಗರದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸನ್ನೇ ಹಿಡಿಯುತ್ತೇವೆ. ನಿಲ್ದಾಣ ರಸ್ತೆಯ ನಡುವೆ, ಟಿಕೆಟ್ ಒಳಗೆ ಬರುವಾಗಲೇ ಕೊಳ್ಳಬೇಕು. ಟಿಕೆಟ್ ಹಿಡಿಯುವ ಹಕ್ಕು ತನ್ನದೆಂದು ಮಗಳು ಅದಾಗಲೇ ಘೋಷಿಸಿದ್ದಳು. ಒಂದು ದಿನ ಗಡಿಬಿಡಿಯಲ್ಲಿ ಗಂಡ ಟಿಕೆಟನ್ನು ಅಂಗಿಯ ಜೇಬಿಗೆ ಇಟ್ಟರು. ಅವಳು ಅದನ್ನು ನೋಡಿದಳು, ಒಂದು ಕ್ಷಣ ಉಸಿರು ಹಿಡಿದಳು, ಮತ್ತು ಹೊಸ ಫ್ರಾಕಿನಲ್ಲಿಯೇ ನಿಲ್ದಾಣದ ನೆಲಕ್ಕೆ ಬಿದ್ದಳು. ಜೇಬಿನಿಂದ ಟಿಕೆಟ್ ತೆಗೆದುಕೊಟ್ಟರೂ ಬೇಡ. ಅದು ಜೇಬಿಗೆ ಹೋಗಿಯೇ ಇರಲಿಲ್ಲ ಎಂದಾಗಬೇಕಿತ್ತು, ಅದನ್ನು ಮಾಡಿಕೊಡುವ ಶಕ್ತಿ ನಮಗಿರಲಿಲ್ಲ. ಬಸ್ಸು ಬಂದು ಬಾಗಿಲು ತೆರೆಯಿತು. ಹಿಂದಿದ್ದ ಒಬ್ಬ ಹಿರಿಯರು “ಏನರ ತಿನ್ನಾಕ ಕೊಡ್ರಿ ಅದಕ್ಕ” ಎಂದರು, ಇನ್ನೊಬ್ಬರು “ಒಂದು ಏಟು ಬಿಟ್ರ ಸುಮ್ಮನಾಗ್ತದ” ಎಂದರು, ಒಬ್ಬ ಅಜ್ಜಿ ಚೀಲದಿಂದ ಬಿಸ್ಕೀಟು ತೆಗೆದೇ ಬಿಟ್ಟರು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವಳ ತಲೆ ಕಂಬಕ್ಕೆ ಬಡಿಯದಂತೆ ಕೈ ಅಡ್ಡ ಹಿಡಿದು, “ಟಿಕೆಟ್ ನೀನ ಹಿಡೀಬೇಕಾಗಿತ್ತು, ಸಿಟ್ಟು ಬಂತು” ಎಂದು ಒಮ್ಮೆ ಹೇಳಿ ಸುಮ್ಮನಾದೆ. ಆ ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು. ಅಳು ಬಿಕ್ಕಳಿಕೆಗೆ ಇಳಿದ ಮೇಲೆ ಅವಳೇ ಎದ್ದು ಬಂದು ತೊಡೆಯ ಮೇಲೆ ಕೂತಳು. ಮುಂದಿನ ಬಸ್ಸಿಗೆ ಹತ್ತಿದೆವು.

ಈ ವಯಸ್ಸಿನ ಮಕ್ಕಳಲ್ಲಿ ಆಸೆ ಮತ್ತು ಸಿಟ್ಟನ್ನು ಹುಟ್ಟಿಸುವ ಮಿದುಳಿನ ಭಾಗ ಚುರುಕಾಗಿರುತ್ತದೆ, ಅದಕ್ಕೆ ಕಡಿವಾಣ ಹಾಕುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದ ಸಿಟ್ಟಿನ ನಡುವೆ ಬುದ್ಧಿ ಹೇಳಿ ಫಲವಿಲ್ಲ, ಸಿಟ್ಟಿಗೆ ಬಹುಮಾನವಾಗಿ ಚಾಕೊಲೇಟ್ ಕೊಡುವುದಂತೂ ಮುಂದಿನ ಸಿಟ್ಟಿಗೆ ಮುಂಗಡ ಕೊಟ್ಟಂತೆ. ಹೊಡೆಯಬಾರದೆಂಬ ವಿಷಯದಲ್ಲಿ ನಮ್ಮ ನಾಲ್ವರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಹೆದರಿಸುವುದರಲ್ಲಿ ಇತ್ತು. ಗುಮ್ಮನ ಹೆಸರು ಹೇಳಿದರೆ ಬೇಗ ಉಣ್ಣುತ್ತಾಳೆ, ಸೂಜಿ ಮಾಡಿಸುತ್ತೇನೆಂದರೆ ಸುಮ್ಮನಾಗುತ್ತಾಳೆ ಎಂಬುದು ಅತ್ತೆಯ ಅನುಭವ. ಅಂಗನವಾಡಿಗೆ ತೂಕ ನೋಡಿಸಲು ಕರೆದುಕೊಂಡು ಹೋದ ದಿನ, ಕಾರ್ಯಕರ್ತೆ ಲಸಿಕೆಯ ವಿವರ ಬರೆದಿಡುವ ತಾಯಿ ಕಾರ್ಡ್ ಕೇಳಿದ್ದೇ ತಡ ಇದು ಸೂಜಿಯ ಜಾಗವೆಂದು ತಿಳಿದು ಕೂಸು ತಕ್ಕಡಿಯನ್ನೇ ಮುಟ್ಟಗೊಡಲಿಲ್ಲ. ಮನೆಗೆ ಬಂದು ಅತ್ತೆ “ಸೂಜಿ ಹೆಸರು ಇನ್ನ ಯಾರೂ ತಗೀಬ್ಯಾಡ್ರಿ” ಎಂದು ನಮಗೇ ತಾಕೀತು ಮಾಡಿದರು. ಗುಮ್ಮ ಮಾತ್ರ ಕೆಲವು ದಿನ ಉಳಿದುಕೊಂಡಿದ್ದ, ಆಮೇಲೆ ಅವನೂ ಕಾಣಲಿಲ್ಲ.

ಮೊಬೈಲಿನ ಕಥೆ ಎಲ್ಲರ ಮನೆಯದೂ ಆದ್ದರಿಂದ ಹೆಚ್ಚು ಹೇಳುವುದಿಲ್ಲ. ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಿದ್ದಷ್ಟು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟದ ಹೊತ್ತಿಗೆ ಇಲ್ಲ ಎಂಬ ಒಂದೇ ನಿಯಮವನ್ನು ನಾವು ಹಿಡಿದೆವು, ಮತ್ತು ಅದು ಮಾವನ ಸುದ್ದಿಗೂ ಅನ್ವಯವಾದದ್ದರಿಂದ ಅವರು ರಾತ್ರಿಯ ಊಟವನ್ನು ಅರ್ಧ ತಾಸು ಮುಂದೂಡಿದರು.

ಎಲ್ಲಕ್ಕಿಂತ ದೀರ್ಘವಾದದ್ದು ಡೈಪರ್ ಬಿಡಿಸುವ ಕೆಲಸ. ಹಿಂದಿನ ಕಾಲದಲ್ಲಿ ಕೂಸಿನ ಕುತ್ತಿಗೆ ನಿಂತ ಮೇಲೆ ಕಾಲ ಮೇಲೆ ಕೂರಿಸಿಕೊಂಡು “ಶ್ಶ್” ಎಂದು ಸಪ್ಪಳ ಮಾಡಿ ರೂಢಿ ಮಾಡಿಸುತ್ತಿದ್ದರು. ವರ್ಷ ತುಂಬುವುದರೊಳಗೆ ನನ್ನ ಗಂಡ ಕಲಿತಿದ್ದರಂತೆ. ಈಗಿನ ವೈದ್ಯರು ನೋಡುವ ಲಕ್ಷಣಗಳು ಬೇರೆ: ಎರಡು ತಾಸಿನವರೆಗೆ ಬಟ್ಟೆ ಒಣಗಿರಬೇಕು, ಒದ್ದೆಯಾದದ್ದು ಕೂಸಿಗೆ ಅರಿವಾಗಿ ಹೇಳಬೇಕು, ಚೊಣ್ಣವನ್ನು ತಾನೇ ಇಳಿಸಲು ಬರಬೇಕು. ಮೂರೂ ಲಕ್ಷಣ ಕಂಡ ಮೇಲೆ ಬೇಸಿಗೆಯಲ್ಲಿ ಶುರು ಮಾಡಿದೆವು. ನಮ್ಮ ಅವಳಿ ನಗರದಲ್ಲಿ ಈ ಕೆಲಸಕ್ಕೆ ಪಂಚಾಂಗ ನೋಡುವುದು ಬೇಡ, ನಲ್ಲಿಯ ನೀರು ಬರುವ ದಿನ ನೋಡಿದರೆ ಸಾಕು. ಹಲವು ದಿನಗಳಿಗೊಮ್ಮೆ ಬರುವ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟುಕೊಳ್ಳುವ ಮನೆಯಲ್ಲಿ, ಹೊತ್ತಿಗೊಂದು ಚೊಣ್ಣ ಒದ್ದೆಯಾಗುವುದೆಂದರೆ ಏನೆಂದು ಬೇರೆ ಊರಿನವರಿಗೆ ತಿಳಿಸುವುದು ಕಷ್ಟ. ಹಾಸಿಗೆಯ ಮೇಲಿನ ಕೌದಿ ಒಮ್ಮೆ ನೆನೆದರೆ ಅದನ್ನು ಒಗೆಯಲು ಅರ್ಧ ಡ್ರಮ್ಮು ನೀರು, ಒಣಗಲು ಎರಡು ದಿನದ ಬಿಸಿಲು. ಅತ್ತೆ ತಮ್ಮ ಹಳೆಯ ಸೀರೆಗಳಿಂದ ಹೊಲಿಸಿದ್ದ ಕೌದಿಗಳನ್ನೆಲ್ಲ ಅಟ್ಟಕ್ಕೆ ಏರಿಸಿ, ಚಾಪೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದೆವು.

ಉಚ್ಚೆಯನ್ನು ಹೇಳುವುದು ಕೆಲವೇ ವಾರಗಳಲ್ಲಿ ಬಂದಿತು. ಮಲಕ್ಕೆ ಮಾತ್ರ ಕೂರಲೊಲ್ಲಳು. ಬಾಗಿಲ ಪರದೆಯ ಹಿಂದೆ ಹೋಗಿ, ಕಾಲು ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ತಡೆಹಿಡಿಯುತ್ತಿದ್ದಳು. ಅವಳು ಹಟ ಮಾಡುತ್ತಿದ್ದಾಳೆ ಎಂದು ನಾವೆಲ್ಲ ತಿಳಿದಿದ್ದಾಗ ವೈದ್ಯರು ಬೇರೆ ವಿವರಣೆ ಕೊಟ್ಟರು. ಕಬ್ಬಿಣದ ಔಷಧದಿಂದ ಮಲ ಗಟ್ಟಿಯಾಗಿ ಒಮ್ಮೆ ನೋವಾದರೆ ಮಗು ಮುಂದಿನ ಬಾರಿ ಹೆದರಿ ತಡೆಯುತ್ತದೆ. ತಡೆದಷ್ಟೂ ಅದು ಇನ್ನಷ್ಟು ಗಟ್ಟಿಯಾಗಿ ನೋವು ಹೆಚ್ಚುತ್ತದೆ. ಆದ್ದರಿಂದ ಮೊದಲು ಮಲ ಮೆತ್ತಗಾಗಬೇಕು, ಕೂರಿಸುವ ಅಭ್ಯಾಸ ಆಮೇಲೆ. ಕೆಲವು ಕಾಲ ಸಿರಪ್ ಕೊಟ್ಟು, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿಯನ್ನು ಹಿಚುಕಿ ತಿನ್ನಿಸಿ, ಡೈಪರನ್ನು ಮತ್ತೆ ಹಾಕಿದೆವು. ಮತ್ತೆ ಹಾಕುವುದು ಮಾವನಿಗೆ ಸೋತಂತೆ ಕಂಡಿತು. ಆದರೆ ನೋವಿಲ್ಲದ ದಿನಗಳು ಸಾಲಾಗಿ ಬಂದ ಮೇಲೆ, ಬೆಳಗ್ಗೆ ನಾಷ್ಟಾ ಆದ ಕೂಡಲೇ, ಪಾದಗಳು ನೆಲಕ್ಕೆ ಊರುವಷ್ಟು ಗಿಡ್ಡನೆಯ ಕುರ್ಚಿಯ ಮೇಲೆ ಕೂರಿಸಿದಾಗ ತಾನಾಗಿ ಕುಳಿತಳು. ಊಟವಾದ ಹೊತ್ತಿಗೆ ಕರುಳು ತಾನೇ ಚಲಿಸುವುದರಿಂದ ಆ ಸಮಯ ಒಳ್ಳೆಯದು, ಕಾಲಿಗೆ ಆಧಾರ ಸಿಕ್ಕರೆ ಮುಕ್ಕಲು ಬಲ ಬರುತ್ತದೆ. ಇವೆರಡೂ ಗೊತ್ತಿದ್ದರೆ ಅರ್ಧ ಕೆಲಸವಾದಂತೆ.

ಈಗ ಅವಳಿಗೆ ಎರಡೂ ಮುಕ್ಕಾಲು ವರ್ಷ. ರಾತ್ರಿಯ ಡೈಪರ್ ಇನ್ನೂ ಇದೆ, ಐದು ವರ್ಷದವರೆಗೆ ರಾತ್ರಿ ಹಾಸಿಗೆ ಒದ್ದೆಯಾಗುವುದನ್ನು ತೊಂದರೆಯೆಂದು ಎಣಿಸುವುದಿಲ್ಲವಾದ್ದರಿಂದ ನಾವೂ ಅವಸರ ಮಾಡುತ್ತಿಲ್ಲ. ಹಿಮೋಗ್ಲೋಬಿನ್ 11 ದಾಟಿದೆ. ಅಂಗಿ ತಾನೇ ಹಾಕಿಕೊಳ್ಳುವ ಹಟ ತೀರಿ, ಚಪ್ಪಲಿಯನ್ನು ಎಡಬಲ ಮಾಡಿಯೇ ಹಾಕಿಕೊಳ್ಳುವ ಹಟ ನಡೆದಿದೆ. ಮೂರು ತುಂಬಿದರೆ ಅಂಗನವಾಡಿಗೆ ಸೇರಿಸಬಹುದು; ಓಣಿಯ ಅಂಗನವಾಡಿಯೇ ಸಾಕೆಂದು ನಾನು, ಖಾಸಗಿ ನರ್ಸರಿಯಾಗಲೆಂದು ಗಂಡ, ನಾಲ್ಕರವರೆಗೆ ಮನೆಯಲ್ಲಿಯೇ ಇರಲೆಂದು ಅತ್ತೆ. ತಾವೇ ದಿನಾ ಕರೆದುಕೊಂಡು ಹೋಗಿ, ಬಿಡುವವರೆಗೆ ಅಲ್ಲಿಯೇ ಕಟ್ಟೆಯ ಮೇಲೆ ಕೂಡುವುದಾದರೆ ಎಲ್ಲಿಯಾದರೂ ಸರಿ ಎನ್ನುತ್ತಾರೆ ಮಾವ. ಮಾತುಕತೆ ನಡೆದಿದೆ.